ಗೇಟಿನೊಳಗೊಂದು ಸರ್ಕಾರ, ಅದಕ್ಕೆ ಕನ್ನಡ ಬೇಡವಂತೆ!



ಸರ್ಕಾರಿ ಕಚೇರಿಯಲ್ಲಿ ಇಂಗ್ಲಿಷ್ ಕಡತ ಕಂಡರೆ ನಾವು ಕೂಗುತ್ತೇವೆ. ಬ್ಯಾಂಕಿನ ಚಲನ್‌ನಲ್ಲಿ ಕನ್ನಡ ಇಲ್ಲದಿದ್ದರೆ ಧರಣಿ ಕೂರುತ್ತೇವೆ. ಅಂಗಡಿಯ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಮಸಿ ಬಳಿಯುತ್ತೇವೆ. ಒಳ್ಳೆಯದೇ. ಆದರೆ ನಮ್ಮದೇ ಮನೆಯ ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಲಿಫ್ಟಿನ ಪಕ್ಕದ ಗೋಡೆಯ ಮೇಲೆ, ಒಂದು ಹೊಸ ಸರ್ಕಾರ ಹುಟ್ಟಿಕೊಂಡಿದೆ. ಅದು ತಿಂಗಳು ತಿಂಗಳು ತೆರಿಗೆ ಎತ್ತುತ್ತದೆ. ದಂಡ ಹಾಕುತ್ತದೆ. ನೀರು ಬಿಡುತ್ತದೆ, ನಿಲ್ಲಿಸುತ್ತದೆ. ಯಾರ ನೆಂಟರು ಎಷ್ಟು ಹೊತ್ತಿಗೆ ಬರಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು, ಮಕ್ಕಳು ಎಲ್ಲಿ ಆಡಬೇಕು ಎಂದು ಅಪ್ಪಣೆ ಹೊರಡಿಸುತ್ತದೆ. ಅದರ ಹೆಸರು ಓನರ್ಸ್ ಅಸೋಸಿಯೇಷನ್. ಅದರ ಆಡಳಿತ ಭಾಷೆ ಇಂಗ್ಲಿಷ್, ಬರೀ ಇಂಗ್ಲಿಷ್.

ಈ ಸರ್ಕಾರದ ಮುಂದೆ ಇವತ್ತಿನ ತನಕ ಒಬ್ಬರೂ ಧರಣಿ ಕೂತದ್ದನ್ನು ನಾನು ಕಂಡಿಲ್ಲ. ಯಾಕೆಂದರೆ ಅದರ ಕಮಿಟಿಯಲ್ಲಿ ನಮ್ಮವರೇ ಕೂತಿದ್ದಾರೆ!

ನಾನು ಪಂಡಿತನಲ್ಲ, ಭಾಷಣಕಾರನೂ ಅಲ್ಲ. ಪಿಯುಸಿ ಮುಗಿಸಿ ಚಳ್ಳಕೆರೆಯಲ್ಲಿ ನಮ್ಮ ತಂದೆಯವರು ಇಟ್ಟಿದ್ದ ಪ್ರೆಸ್ಸಿನಲ್ಲಿ ಕೂತವನು. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ತಿಥಿ ಕಾರ್ಡು, ಇದೇ ನನ್ನ ಕಸುಬು. 1982ರಲ್ಲಿ ಗೋಕಾಕ್ ಚಳವಳಿ ನಡೆದಾಗ ತಂದೆಯವರು ಒಂದೊಂದೇ ಮೊಳೆ ಜೋಡಿಸಿ, ಟ್ರೆಡಲ್ ತುಳಿದು, ರಾತ್ರಿಯೆಲ್ಲ ಕರಪತ್ರ ಹೊಡೆದಿದ್ದರಂತೆ. ಕಾಗದದ ದುಡ್ಡನ್ನೂ ಕೇಳಲಿಲ್ಲವಂತೆ. ಅವರ ಮಗನಾದ ನಾನು ಏನು ಮಾಡಿದೆ ಎಂಬುದನ್ನೂ ಈ ಬರಹದಲ್ಲಿ ಹೇಳುತ್ತೇನೆ. ಮುಚ್ಚಿಟ್ಟು ಬರೆದರೆ ಬೇರೆಯವರನ್ನು ಬೈಯುವ ಹಕ್ಕು ನನಗೆ ಬರುವುದಿಲ್ಲ.

ಅಮ್ಮ ಕುಡಿದ ನೀರು

ನನ್ನ ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಸಾಲ ಮಾಡಿ ಸರ್ಜಾಪುರ ರಸ್ತೆಯ ಕಡೆ ಒಂದು ಫ್ಲ್ಯಾಟ್ ಕೊಂಡ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗು ನೋಡಿಕೊಳ್ಳಲು ನಮ್ಮಮ್ಮ ಅಲ್ಲಿಗೆ ಹೋಗಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕಡೇ ಪುಟದ ತನಕ ಓದದೆ ಕಾಫಿ ಲೋಟ ಕೆಳಗಿಡುವವರಲ್ಲ. ನನ್ನ ಪ್ರೆಸ್ಸಿನಲ್ಲಿ ಎಷ್ಟೋ ಸಲ ಪ್ರೂಫ್ ತಿದ್ದಿದ್ದಾರೆ. ಒತ್ತಕ್ಷರ ತಪ್ಪಿದರೆ ನನಗೆ ಬೈದಿದ್ದಾರೆ.

ಕಳೆದ ವರ್ಷ ಬೇಸಿಗೆಯಲ್ಲಿ ಒಂದು ದಿನ ಆ ಕಟ್ಟಡದ ನೀರಿನ ಟ್ಯಾಂಕನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದರು. ಸಂಜೆಯ ತನಕ ನಲ್ಲಿ ನೀರು ಕುಡಿಯಬಾರದು, ಅಡಿಗೆಗೂ ಬಳಸಬಾರದು ಎಂದು ಲಿಫ್ಟಿನ ಪಕ್ಕ ನೋಟೀಸು ಅಂಟಿಸಿದ್ದರು. ಇಂಗ್ಲಿಷಿನಲ್ಲಿ. ವಾಟ್ಸಾಪಿಗೂ ಹಾಕಿದ್ದರು. ಅದೂ ಇಂಗ್ಲಿಷಿನಲ್ಲಿ. ತಮ್ಮ ಅದನ್ನು ಆಫೀಸಿಗೆ ಹೋಗುವ ದಾರಿಯಲ್ಲಿ ನೋಡಿದ, ಮರೆತ. ಅಮ್ಮ ಬೆಳಿಗ್ಗೆ ಮಗುವನ್ನು ಸ್ಕೂಲ್ ಬಸ್ಸಿಗೆ ಬಿಡಲು ಹೋಗುವಾಗ ಆ ನೋಟೀಸಿನ ಮುಂದೆಯೇ ನಿಂತು ಲಿಫ್ಟಿಗೆ ಕಾದಿದ್ದರು!

ಫಿಲ್ಟರ್ ನೀರು ಸಪ್ಪೆ ಎಂದು ಅಮ್ಮ ಯಾವಾಗಲೂ ನಲ್ಲಿ ನೀರನ್ನೇ ತಾಮ್ರದ ತಂಬಿಗೆಗೆ ಹಿಡಿದಿಟ್ಟುಕೊಂಡು ಕುಡಿಯುತ್ತಾರೆ. ಅವತ್ತೂ ಕುಡಿದರು. ಏನೋ ವಾಸನೆ ಅನ್ನಿಸಿತಂತೆ. ಪಟ್ಟಣದ ನೀರೇ ಹೀಗೆ ಎಂದುಕೊಂಡರಂತೆ. ಮಧ್ಯಾಹ್ನದ ಹೊತ್ತಿಗೆ ಗಂಟಲು ಉರಿ, ವಾಂತಿ. ಮನೆಯಲ್ಲಿ ಒಬ್ಬರೇ. ತಮ್ಮ ಓಡಿ ಬಂದು ಆಸ್ಪತ್ರೆಗೆ ಸೇರಿಸಿದ. ಎರಡು ದಿನ ಡ್ರಿಪ್ ಹಾಕಿದರು. ಮಗು ಸ್ಕೂಲಿಗೆ ಹೋಗಿತ್ತು. ದೇವರು ದೊಡ್ಡವನು.

ನಾನು ರಾತ್ರಿ ಬಸ್ಸು ಹತ್ತಿ ಹಿರಿಯೂರು, ಶಿರಾ, ತುಮಕೂರು ದಾಟಿ ಬೆಳಗಿನ ಜಾವಕ್ಕೆ ಆಸ್ಪತ್ರೆ ಮುಟ್ಟಿದೆ. ಅಮ್ಮ ಕಣ್ಣು ಬಿಟ್ಟು ಹೇಳಿದ ಮಾತು ಇದು: "ಅಲ್ಲೊಂದು ಚೀಟಿ ಅಂಟಿಸಿದ್ರಪ್ಪ. ನಾನು ನೋಡ್ದೆ. ಕನ್ನಡದಾಗೆ ಇದ್ದಿದ್ರೆ ಓದ್ತಿದ್ದೆ."

ಓದಲು ಬಾರದವರಿಗೆ ಆದ ಅನಾಹುತವಲ್ಲ ಇದು. ಓದಲು ಬರುವ ಹೆಂಗಸನ್ನು ಆ ನೋಟೀಸು ಹೆಬ್ಬೆಟ್ಟು ಮಾಡಿ ಕೂರಿಸಿತು. ತನ್ನ ನಾಡಿನ ರಾಜಧಾನಿಯಲ್ಲಿ, ತನ್ನ ಮಗನ ಸ್ವಂತ ಮನೆಯಲ್ಲಿ!

ಕಾರ್ಯದರ್ಶಿ ಯಾರು ಗೊತ್ತೇ?

ಸಿಟ್ಟಿನಿಂದ ಅಸೋಸಿಯೇಷನ್ನಿನ ಕಾರ್ಯದರ್ಶಿಯನ್ನು ಹುಡುಕಿಕೊಂಡು ಹೋದೆ. ಯಾರೋ ಹೊರನಾಡಿನವರಿರಬೇಕು, ಸರಿಯಾಗಿ ವಿಚಾರಿಸಿಕೊಳ್ಳೋಣ ಎಂದುಕೊಂಡೇ ಹೋಗಿದ್ದೆ. ಬಾಗಿಲು ತೆಗೆದವರು ಅಚ್ಚಕನ್ನಡದವರು, ಹಳೇ ಮೈಸೂರು ಕಡೆಯವರು! ಒಳ್ಳೆಯ ಮನುಷ್ಯರೇ. ಕೂರಿಸಿ ಕಾಫಿ ಕೊಟ್ಟರು. ನೊಂದುಕೊಂಡರು. ಆಮೇಲೆ ಹೇಳಿದರು: "ಏನ್ ಮಾಡೋದು ಸಾರ್, ಇಲ್ಲಿ ಎಲ್ಲಾ ರಾಜ್ಯದೋರೂ ಇದಾರೆ. ಕನ್ನಡ ಕನ್ನಡ ಅಂದ್ರೆ ಸುಮ್ನೆ ಗಲಾಟೆ ಆಗುತ್ತೆ."

ಗಲಾಟೆ ಮಾಡಿದವರು ಯಾರು ಸ್ವಾಮಿ? ಒಬ್ಬರಾದರೂ ಬೇಡ ಎಂದರೇ? ಕೇಳಿದೆ. ಇಲ್ಲ, ಯಾರೂ ಬೇಡ ಎಂದಿಲ್ಲ. ಯಾರೂ ಬೇಕು ಎಂದೂ ಕೇಳಿಲ್ಲ! ಕೇಳಿದರೆ ಏನಾದರೂ ಅಂದುಕೊಂಡಾರು ಎಂದು ಮೊದಲೇ ಹೆದರಿ, ಬಾಯಿಗೆ ನಾವೇ ಬೀಗ ಹಾಕಿಕೊಂಡು, ಬೀಗದ ಕೈಯನ್ನೂ ಅವರ ಕೈಗೆ ಕೊಟ್ಟು ನಿಲ್ಲುವುದು. ಇದಕ್ಕೆ ಔದಾರ್ಯ ಎನ್ನುತ್ತಾರೆಯೇ? ನಮ್ಮ ಕಡೆ ಇದಕ್ಕೆ ಹೇಡಿತನ ಎನ್ನುತ್ತಾರೆ.

ಅದೇ ಕಟ್ಟಡದಲ್ಲಿ ನವೆಂಬರ್ 1ಕ್ಕೆ ಕೆಂಪು ಹಳದಿ ಬಾವುಟ ಹಾರುತ್ತದೆ. ಡೊಳ್ಳು ಕುಣಿತದವರು ಬರುತ್ತಾರೆ. ಸಿಹಿ ಹಂಚುತ್ತಾರೆ. ಕಾರ್ಯಕ್ರಮದ ನಿರೂಪಣೆ ಮಾತ್ರ ಇಂಗ್ಲಿಷಿನಲ್ಲಿ! ವರ್ಷಕ್ಕೊಂದು ದಿನ ಬಾವುಟಕ್ಕೆ ಕೈ ಮುಗಿದು, ಉಳಿದ 364 ದಿನ ಲಿಫ್ಟಿನ ಪಕ್ಕದ ಗೋಡೆಯ ಮೇಲೆ ಒಂದಕ್ಷರಕ್ಕೂ ಜಾಗ ಕೊಡದವರ ರಾಜ್ಯೋತ್ಸವ ಇದು.

ಇನ್ನು ನನ್ನ ಪಾಪ. ತಮ್ಮನ ಆ ಫ್ಲ್ಯಾಟಿನ ಗೃಹಪ್ರವೇಶದ ಆಮಂತ್ರಣವನ್ನು ಅಚ್ಚು ಮಾಡಿದ್ದು ನನ್ನ ಪ್ರೆಸ್ಸಿನಲ್ಲೇ. "ಆಫೀಸಿನೋರಿಗೆ ಕೊಡ್ಬೇಕು ಅಣ್ಣ, ಇಂಗ್ಲಿಷಲ್ಲೇ ಹೊಡಿ" ಎಂದ. ಹೊಡೆದೆ. ದಪ್ಪ ಆರ್ಟ್ ಕಾರ್ಡು, ಚಿನ್ನದ ಬಣ್ಣದ ಅಕ್ಷರ. ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನನ್ನ ಹೆಸರು ಎಲ್ಲೈತಪ್ಪ, ತೋರ್ಸು" ಎಂದರು. ಬೆರಳಿಟ್ಟು ತೋರಿಸಿದೆ. ಅವತ್ತು ನನಗೆ ನಾಚಿಕೆ ಆಗಲಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ಕೂತಾಗ ಆಯಿತು. ಆ ನೋಟೀಸು ಬರೆದವರಿಗೂ ಆ ಕಾರ್ಡು ಹೊಡೆದವನಿಗೂ ಏನು ವ್ಯತ್ಯಾಸ?

ಖಾಸಗಿ ಜಾಗವಂತೆ!

"ಇದು ಖಾಸಗಿ ಜಾಗ, ಇಲ್ಲಿ ನಿಮ್ಮ ಭಾಷಾ ಕಾನೂನು ನಡೆಯುವುದಿಲ್ಲ" ಎನ್ನುವ ಮಹನೀಯರೂ ಇದ್ದಾರೆ. ಅವರಿಗೆ ಒಂದು ಮಾತು.

ಈ ಅಸೋಸಿಯೇಷನ್‌ಗಳು ಆಕಾಶದಿಂದ ಇಳಿದು ಬಂದವಲ್ಲ. ಕೆಲವು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಕೆಳಗೆ, ಕೆಲವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ, ಕೆಲವು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ ಹುಟ್ಟಿವೆ. ಮೂರೂ ನಮ್ಮ ವಿಧಾನಮಂಡಲ ಮಾಡಿದ ಕಾಯ್ದೆಗಳು. 2016ರ ರೇರಾ ಕಾಯ್ದೆ ಬಂದ ಮೇಲಂತೂ ಮನೆ ಕೊಂಡವರ ಸಂಘ ಕಟ್ಟಲು ಬಿಲ್ಡರ್ ಅನುವು ಮಾಡಿಕೊಡಲೇಬೇಕು. ಅಂದರೆ ಅಸೋಸಿಯೇಷನ್ ಎಂಬುದು ನಾಲ್ಕು ಜನ ಸಂಜೆ ಕೂತು ಹರಟುವ ಕಟ್ಟೆಯಲ್ಲ. ಕಾನೂನು ಅಧಿಕಾರ ಕೊಟ್ಟು ಕೂರಿಸಿದ ಸಂಸ್ಥೆ.

ಇನ್ನೂ ಒಂದು ಸಂಗತಿ ಕೇಳಿ. 1972ರ ಕಾಯ್ದೆಯ ಪ್ರಕಾರ ಸಂಘದ ಬೈಲಾ, ಅಂದರೆ ಒಳನಿಯಮ, ಮನೆಯ ಮಾಲೀಕನಿಗೆ ಮಾತ್ರ ಅನ್ವಯಿಸುವುದಿಲ್ಲ. ಬಾಡಿಗೆದಾರರಿಗೂ ಅನ್ವಯ. ಅವರ ಕೆಲಸದವರಿಗೂ ಅನ್ವಯ! ಅಡಿಗೆಯವಳು, ಕಾರಿನ ಡ್ರೈವರ್ರು, ಪಾತ್ರೆ ತೊಳೆಯುವವಳು, ಎಲ್ಲರೂ ಆ ಬೈಲಾಕ್ಕೆ ತಲೆಬಾಗಬೇಕು. ಬೈಲಾ ಇರುವುದು ವಕೀಲರ ಇಂಗ್ಲಿಷಿನಲ್ಲಿ. ರಾಯಚೂರು, ಯಾದಗಿರಿ ಕಡೆಯಿಂದ ಮಳೆ ಇಲ್ಲದೆ ಗುಳೆ ಬಂದ ಹೆಂಗಸು ಆ ಕಟ್ಟಡದ ಮೆಟ್ಟಿಲು ಗುಡಿಸುತ್ತಾಳೆ. ಆಕೆ ಯಾವ ಲಿಫ್ಟು ಹತ್ತಬೇಕು, ಯಾವುದನ್ನು ಹತ್ತಬಾರದು ಎಂಬ ನಿಯಮವನ್ನು ಆಕೆಗೆ ಓದಲು ಬಾರದ ಭಾಷೆಯಲ್ಲಿ ಬರೆದು, ತಪ್ಪಿದರೆ ಗದರಿಸುತ್ತಾರೆ. ಯಾವ ನ್ಯಾಯ ಇದು? ಊರಿನಲ್ಲಿ ಡಂಗುರ ಸಾರುವವನೂ ಜನರಿಗೆ ತಿಳಿಯುವ ಮಾತಿನಲ್ಲೇ ಸಾರುತ್ತಿದ್ದ!

2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟ ರೈತನನ್ನು ಒಳಗೆ ಬಿಡಲಿಲ್ಲ. ನಾಡೆಲ್ಲ ಕೆರಳಿತು. ಸರ್ಕಾರ ಒಂದು ವಾರ ಆ ಮಾಲ್ ಮುಚ್ಚಿಸಿತು. ಅದು ಬಾಗಿಲಲ್ಲೇ ತಡೆದ ಅವಮಾನ, ಕ್ಯಾಮೆರಾ ಕಣ್ಣಿಗೆ ಬಿತ್ತು. ಒಳಗೆ ಬಿಟ್ಟುಕೊಂಡು ದಿನಾ ಕೊಡುವ ಅವಮಾನಕ್ಕೆ ಕ್ಯಾಮೆರಾ ಎಲ್ಲಿದೆ?

ನಮ್ಮ ಕಾನೂನೂ ಗೇಟಿನ ತನಕ ಬಂದು ನಿಂತಿದೆ. 2023ರ ಡಿಸೆಂಬರಿನಲ್ಲಿ ನಾಮಫಲಕದ ಹೋರಾಟ ಮಾಡಿ ಕಾರ್ಯಕರ್ತರು ಜೈಲಿಗೆ ಹೋದರು. ಅದರ ಫಲವಾಗಿ 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂತು. ಅಂಗಡಿ, ಕಾರ್ಖಾನೆ, ಆಸ್ಪತ್ರೆ, ಹೋಟೆಲುಗಳ ಬೋರ್ಡಿನಲ್ಲಿ ಶೇಕಡಾ 60 ಭಾಗ ಕನ್ನಡ ಇರಬೇಕು ಎಂದಾಯಿತು. ದೊಡ್ಡ ಗೆಲುವು, ಸಂಶಯವಿಲ್ಲ. ಆದರೆ ಅಂಗಡಿಯ ಬೋರ್ಡನ್ನು ಓದದಿದ್ದರೆ ಯಾರ ಪ್ರಾಣವೂ ಹೋಗುವುದಿಲ್ಲ. ಟ್ಯಾಂಕ್ ತೊಳೆಯುವ ನೋಟೀಸು, ಲಿಫ್ಟ್ ಕೆಟ್ಟ ನೋಟೀಸು, ಬೆಂಕಿ ಬಿದ್ದರೆ ಯಾವ ದಾರಿಯಲ್ಲಿ ಓಡಬೇಕೆಂಬ ಫಲಕ, ಇವನ್ನು ಓದದಿದ್ದರೆ ಹೋಗುತ್ತದೆ! 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಮಾಡಿತು. ಆಗ ತಮ್ಮನ ಕಟ್ಟಡದಲ್ಲಿ ನೀರು ಬಿಡುವ ವೇಳೆ ದಿನಕ್ಕೊಂದು ಸಲ ಬದಲಾಯಿತು. ಅದನ್ನೂ ತಿಳಿಸಿದ್ದು ಇಂಗ್ಲಿಷಿನಲ್ಲೇ. ಬಕೆಟ್ ಹಿಡಿದು ನಲ್ಲಿಯ ಮುಂದೆ ಕಾಯುವವರು ಯಾರು? ಮನೆಯಲ್ಲಿ ಉಳಿಯುವ ಅಜ್ಜಿಯರು, ಕೆಲಸದ ಹೆಂಗಸರು.

ಕೆನಡಾದ ಕ್ವಿಬೆಕ್ ಪ್ರಾಂತ್ಯದವರು 1977ರಲ್ಲೇ ಫ್ರೆಂಚ್ ಭಾಷೆಗೊಂದು ಸನ್ನದು ಮಾಡಿಕೊಂಡರು. ಗ್ರಾಹಕನಿಗೆ ತನ್ನ ಭಾಷೆಯಲ್ಲಿ ಮಾಹಿತಿ ಪಡೆಯುವುದು ಹಕ್ಕು ಎಂದು ಬರೆದುಕೊಂಡರು. ಸುತ್ತ ಇಂಗ್ಲಿಷಿನ ಸಮುದ್ರವೇ ಇದ್ದರೂ ಅವರು ಹೆದರಲಿಲ್ಲ.

ನಾವು ತೆಲುಗರನ್ನು ದ್ವೇಷಿಸಿದ್ದೇವೆಯೇ?

ಈ ಮಾತು ಎತ್ತಿದ ಕೂಡಲೇ "ನೀವು ಹೊರಗಿನವರ ದ್ವೇಷಿಗಳು" ಎಂಬ ಬಾಣ ಬರುತ್ತದೆ. ಬರಲಿ. ಚಳ್ಳಕೆರೆಯವನಿಗೆ ಆ ಬಾಣ ನಾಟುವುದಿಲ್ಲ.

ನಮ್ಮ ಪರಶುರಾಂಪುರ ಹೋಬಳಿಯ ಗಡಿ ದಾಟಿದರೆ ಆಂಧ್ರ. ನಮ್ಮ ತಾಲ್ಲೂಕಿನಲ್ಲಿ ಮನೆಯೊಳಗೆ ತೆಲುಗು ಆಡುವ ಕುಟುಂಬಗಳು ಲೆಕ್ಕವಿಲ್ಲದಷ್ಟಿವೆ. ನಮ್ಮಮ್ಮನ ತವರು ಮನೆಯ ಮಾತೇ ತೆಲುಗು! ಈಗಲೂ ಅಕ್ಕತಂಗಿಯರು ಸೇರಿದರೆ ತೆಲುಗಿನಲ್ಲೇ ನಗುತ್ತಾರೆ, ತೆಲುಗಿನಲ್ಲೇ ಜಗಳ ಆಡುತ್ತಾರೆ. ಆದರೆ ಓದಿದ್ದು ಕನ್ನಡ, ಬರೆದದ್ದು ಕನ್ನಡ, ಮಂಡಿಯಲ್ಲಿ ಶೇಂಗಾ ಚೀಟಿ ಓದಿ ರುಜು ಹಾಕಿದ್ದು ಕನ್ನಡ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರ ಮನೆಮಾತು ಮರಾಠಿ. ಅವರಿಬ್ಬರನ್ನು ಬಿಟ್ಟು ಕನ್ನಡ ಎಲ್ಲಿದೆ? ಮನೆಯೊಳಗೆ ಯಾವ ಮಾತಾದರೂ ಇರಲಿ, ಹೊಸ್ತಿಲು ದಾಟಿದ ಮೇಲೆ ಎಲ್ಲರಿಗೂ ಸೇರಿದ ಮಾತೊಂದು ಬೇಕು. ನಮ್ಮೂರಿನಲ್ಲಿ ಅದು ಕನ್ನಡ. ಇಷ್ಟೇ ನಮ್ಮ ವಾದ.

2011ರ ಜನಗಣತಿಯಲ್ಲೇ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ ಇದ್ದರು. ಹಾಗಾದರೆ ಅಲ್ಲಿ ಹೊಸ್ತಿಲಾಚೆಯ ಮಾತಾಗಿ ಕನ್ನಡ ಇನ್ನೂ ಹೆಚ್ಚು ಬೇಕೋ, ಕಡಿಮೆ ಬೇಕೋ? ಹೊರಗಿನಿಂದ ಬಂದವರು ದಿನಾ ಲಿಫ್ಟಿಗೆ ಕಾಯುವಾಗ ಒಂದು ಕನ್ನಡ ನೋಟೀಸು ಕಣ್ಣಿಗೆ ಬಿದ್ದರೆ, ಪಕ್ಕದಲ್ಲೇ ಇಂಗ್ಲಿಷೂ ಇದ್ದರೆ, ವರ್ಷ ತುಂಬುವುದರೊಳಗೆ ನೂರು ಪದ ಕಲಿತಾರು. ನೋಟೀಸು ಹಾಕದೆ "ಅವರು ಕನ್ನಡ ಕಲಿಯುವುದಿಲ್ಲ" ಎಂದು ಬೈಯುವ ನಮ್ಮ ನಾಲಿಗೆಗೆ ಏನೆನ್ನಬೇಕು?

ನೀರು ಕುಡಿದ ದಿನಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವ ಮಾತೊಂದಿದೆ. ಅಮ್ಮ ಆಸ್ಪತ್ರೆಯಿಂದ ಬಂದ ಮೇಲೆ ಒಂದು ಸಂಜೆ ಮೊಮ್ಮಗಳ ಜೊತೆ ನಾವೆಲ್ಲ ಕೆಳಗಿಳಿಯುತ್ತಿದ್ದೆವು. ಅಮ್ಮ ಊರಿನ ರೀತಿ ಗಟ್ಟಿಯಾಗಿ ಏನೋ ಹೇಳುತ್ತಿದ್ದರು. ಏಳು ವರ್ಷದ ಆ ಕೂಸು ಅಜ್ಜಿಯ ಸೆರಗು ಎಳೆದು, "ಅಜ್ಜಿ, ಲಿಫ್ಟಲ್ಲಿ ಕನ್ನಡ ಮಾತಾಡ್ಬೇಡ" ಎಂದಿತು. ಯಾರು ಹೇಳಿಕೊಟ್ಟರಮ್ಮ ಎಂದು ಕೇಳಿದೆ. ಯಾರೂ ಹೇಳಿಕೊಟ್ಟಿಲ್ಲವಂತೆ. ಗೋಡೆ ಹೇಳಿಕೊಟ್ಟಿದೆ! ಹುಟ್ಟಿದಾಗಿನಿಂದ ಆ ಗೋಡೆಯ ಮೇಲೆ ಕನ್ನಡದ ಒಂದಕ್ಷರವನ್ನೂ ಕಾಣದ ಮಗು, ಇದು ಮನೆಯೊಳಗೆ ಬಚ್ಚಿಟ್ಟು ಆಡುವ ಮಾತು ಎಂದುಕೊಂಡಿದೆ. ಅಮ್ಮ ಅವತ್ತಿನಿಂದ ಲಿಫ್ಟಿನಲ್ಲಿ ಬಾಯಿ ಬಿಡುವುದಿಲ್ಲ.

ಹತ್ತು ನಿಮಿಷದ ಕೆಲಸ

ಮುಂದಿನ ಸರ್ವಸದಸ್ಯರ ಸಭೆಗೆ ನಾನೂ ತಮ್ಮನ ಜೊತೆ ಹೋದೆ. ನಾನು ಮಾಲೀಕನಲ್ಲ, ಮಾತಾಡುವಂತಿಲ್ಲ ಎಂದು ಹಿಂದೆ ಕೂರಿಸಿದರು. ಕಾನೂನು ಕಾನೂನೇ, ಕೂತೆ. ತಮ್ಮ ಕೈ ಎತ್ತಿದ. ಅವನ ಕೈ ನಡುಗುತ್ತಿತ್ತು. ಅಮ್ಮನಿಗೆ ಆದದ್ದನ್ನು ಹೇಳಿ, ಇನ್ನು ಮುಂದೆ ಪ್ರತಿ ನೋಟೀಸೂ ಕನ್ನಡದಲ್ಲಿರಲಿ, ಇಂಗ್ಲಿಷೂ ಜೊತೆಗಿರಲಿ ಎಂದ.

ಮೊದಲು ಬೆಂಬಲಿಸಿ ಎದ್ದವರು ಯಾರು ಗೊತ್ತೇ? ಒಬ್ಬ ತಮಿಳು ಹೆಂಗಸು. "ನಮ್ಮ ಮನೆಯ ಅಡಿಗೆಯವಳೂ ಅವತ್ತು ಅದೇ ನೀರಲ್ಲಿ ಅನ್ನಕ್ಕಿಟ್ಟಿದ್ದಳು, ನಾನು ನೋಡಿ ಚೆಲ್ಲಿಸಿದೆ" ಎಂದರು. ಆಮೇಲೆ ಒಬ್ಬ ಬಂಗಾಳಿ ಎದ್ದರು. ನಮ್ಮ ಕನ್ನಡಿಗರು? ಕಡೆಗೆ ಎದ್ದರು, ಒಬ್ಬರ ಮುಖ ಒಬ್ಬರು ನೋಡಿಕೊಂಡು. "ಅನುವಾದ ಮಾಡುವವರು ಯಾರು, ಖರ್ಚು ಯಾರದು?" ಎಂದು ಅಡ್ಡ ಹಾಕಿದವರೂ ಕನ್ನಡಿಗರೇ! ತಮ್ಮ ಹಿಂದೆ ತಿರುಗಿ ನನ್ನನ್ನು ತೋರಿಸಿದ.

ಈಗ ನೋಟೀಸು ತಯಾರಾದ ಕೂಡಲೇ ನನ್ನ ಫೋನಿಗೆ ಬರುತ್ತದೆ. ಚಳ್ಳಕೆರೆಯ ಪ್ರೆಸ್ಸಿನಲ್ಲಿ ಕೂತು ಕನ್ನಡ ಮಾಡಿ ಕಳಿಸುತ್ತೇನೆ. ಹತ್ತು ನಿಮಿಷ. ಖರ್ಚು ಒಂದು ಹಾಳೆ ಕಾಗದ. ನಮ್ಮ ತಂದೆಯವರ ಕಾಲದಲ್ಲಿ ಮೊಳೆ ಜೋಡಿಸಬೇಕಿತ್ತು, ಗ್ಯಾಲಿ ಪ್ರೂಫ್ ತೆಗೆಯಬೇಕಿತ್ತು. ಈಗ ಅಂಗೈಯಲ್ಲಿರುವ ಫೋನಿನಲ್ಲೇ ಕನ್ನಡ ಇದೆ. ಕಷ್ಟ ಎನ್ನುವವರಿಗೆ ಕನ್ನಡ ಕಷ್ಟವಲ್ಲ, ಕನ್ನಡಿಗ ಎನ್ನಿಸಿಕೊಳ್ಳುವುದು ಕಷ್ಟ.

ಎಲ್ಲವೂ ಗೆದ್ದೆವು ಎಂದು ಸುಳ್ಳು ಹೇಳಲಾರೆ. ನೋಟೀಸು ಬಂತು. ಬೈಲಾ ಇನ್ನೂ ಇಂಗ್ಲಿಷಿನಲ್ಲೇ ಇದೆ. ಸಭೆಯ ನಡಾವಳಿಯೂ ಹಾಗೆಯೇ. ಲಿಫ್ಟಿನಲ್ಲಿ ಅಮ್ಮ ಇನ್ನೂ ಮಾತಾಡುತ್ತಿಲ್ಲ.

ಇದು ಬೆಂಗಳೂರಿನ ಕಾಯಿಲೆ, ನಮಗೇನು ಎಂದು ನಮ್ಮೂರಿನವರು ನಗಬೇಡಿ. ಕುದಾಪುರದ ಕಾವಲಿಗೆ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳು ಬಂದ ಮೇಲೆ ಲೇಔಟಿನವರು ನನ್ನ ಪ್ರೆಸ್ಸಿಗೂ ಬರುತ್ತಿದ್ದಾರೆ. ಬಣ್ಣದ ಹಾಳೆ, ಇಂಗ್ಲಿಷ್ ಹೆಸರು, ಗೇಟು, ಕಾವಲುಗಾರ, ಅಸೋಸಿಯೇಷನ್! ಕೊಳ್ಳುವವರು ಯಾರು? ಶೇಂಗಾ ಮಾರಿ, ಕುರಿ ಮಾರಿ ಒಂದು ಸೈಟು ಕೊಳ್ಳೋಣ ಎನ್ನುವ ನಮ್ಮ ರೈತರು. ಈಗ ನಾನು ಅವರಿಗೆ ಒಂದೇ ಮಾತು ಹೇಳುತ್ತೇನೆ: ಕನ್ನಡ ಇಲ್ಲದ ಹಾಳೆ ನನ್ನ ಮಿಷನ್ನಿನಿಂದ ಹೊರಗೆ ಬರುವುದಿಲ್ಲ. ಇಬ್ಬರು ಎದ್ದು ಹೋದರು. ಉಳಿದವರು ಒಪ್ಪಿದರು.

ನಮ್ಮ ಬೇಡಿಕೆಗಳು ಇವು:

1. ಕರ್ನಾಟಕದ ಕಾಯ್ದೆಗಳಡಿ ನೋಂದಣಿಯಾಗುವ ಪ್ರತಿ ನಿವಾಸಿ ಸಂಘದ ಬೈಲಾ ಕನ್ನಡದಲ್ಲೂ ಇರಬೇಕು. ಕನ್ನಡ ಪ್ರತಿ ಇಲ್ಲದೆ ನೋಂದಣಿ ಆಗಕೂಡದು.

2. ನೀರು, ವಿದ್ಯುತ್, ಲಿಫ್ಟು, ಬೆಂಕಿ, ದಂಡ, ಈ ಐದರ ಪ್ರತಿ ನೋಟೀಸೂ ಮೊದಲು ಕನ್ನಡದಲ್ಲಿ, ಆಮೇಲೆ ಬೇಕಾದ ಭಾಷೆಯಲ್ಲಿ.

3. ಸರ್ವಸದಸ್ಯರ ಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ ಸದಸ್ಯನ ಮಾತು ನಡಾವಳಿಗೆ ಸೇರಬೇಕು.

4. 1972ರ ಕಾಯ್ದೆಯನ್ನು ಬದಲಿಸಬೇಕೆಂಬ ಮಾತು ಈಚಿನ ವರ್ಷಗಳಲ್ಲಿ ಎದ್ದಿದೆ. ಶಾಸಕರೇ, ಬದಲಿಸುವಾಗ ಈ ಮೂರು ಸಾಲನ್ನೂ ಸೇರಿಸಿ. ಹೆಚ್ಚೇನೂ ಕೇಳುತ್ತಿಲ್ಲ.

ಕಾನೂನು ಬರುವ ತನಕ ಕಾಯುತ್ತಾ ಕೂರಬೇಡಿ. ಫ್ಲ್ಯಾಟುಗಳಲ್ಲಿ ಇರುವ ಕನ್ನಡಿಗರೇ, ಇವತ್ತು ಮನೆಗೆ ಹೋಗುವಾಗ ಲಿಫ್ಟಿನ ಪಕ್ಕದ ಗೋಡೆ ನೋಡಿ. ನಿಮ್ಮ ತಾಯಿಗೆ ಅದು ಓದಲು ಬರುತ್ತದೆಯೇ ಎಂದು ಕೇಳಿಕೊಳ್ಳಿ. ಬರದಿದ್ದರೆ ಮುಂದಿನ ಸಭೆಯಲ್ಲಿ ಕೈ ಎತ್ತಿ. ಕೈ ನಡುಗಿದರೂ ಎತ್ತಿ. ಅನುವಾದಕ್ಕೆ ಜನ ಇಲ್ಲವೆಂದರೆ ಆ ನೋಟೀಸನ್ನು ಈ ಪತ್ರಿಕೆಯ ಕಾರ್ಯಕರ್ತರ ಕೈಗೆ ಕೊಡಿ, ನನಗೆ ಮುಟ್ಟುತ್ತದೆ. ಒಂದು ಪೈಸೆ ಬೇಡ. ಗೋಕಾಕ್ ಚಳವಳಿಯ ಕರಪತ್ರಕ್ಕೆ ನಮ್ಮ ತಂದೆಯವರೂ ದುಡ್ಡು ಕೇಳಿರಲಿಲ್ಲ.

ಸಿರಿಗನ್ನಡಂ ಗೆಲ್ಗೆ!